ಜಠರವ್ರಣ

ಜಠರದ ಅಥವಾ ಸಣ್ಣಕರುಳಿನ ಆರಂಭಭಾಗವಾದ ಮುಂಗರುಳಿನ ಒಳಪೊರೆಯು ಆಮ್ಲ ಮತ್ತು ಪೆಪ್ಸಿನ್ ಎಂಬ ಕಿಣ್ವದ ದಾಳಿಗೆ ಸಿಕ್ಕಿ ಆಳವಾಗಿ ಸವೆದಾಗ ಉಂಟಾಗುವ ಹುಣ್ಣನ್ನು ಜಠರವ್ರಣ ಎನ್ನುತ್ತಾರೆ. ವೈದ್ಯರು ಇದನ್ನು ಪೆಪ್ಟಿಕ್ ಅಲ್ಸರ್ ಎಂದೂ ಜನಸಾಮಾನ್ಯರು ಹೊಟ್ಟೆಹುಣ್ಣು ಎಂದೂ ಕರೆಯುತ್ತಾರೆ. ಹೊಟ್ಟೆಯ ಉರಿಯನ್ನೆಲ್ಲ ‘ಗ್ಯಾಸ್ಟ್ರಿಕ್’ ಎಂದು ಹೇಳುವ ರೂಢಿಯಿರುವುದರಿಂದ ಈ ರೋಗವು ಎಷ್ಟೋ ವೇಳೆ ಪತ್ತೆಯಾಗದೆ ಉಳಿಯುತ್ತದೆ.

ಕಾರಣಗಳು: ಆಹಾರವನ್ನು ಅರಗಿಸುವ ಪ್ರಬಲ ಆಮ್ಲವು ಜಠರವನ್ನೇ ಅರಗಿಸದಂತೆ ಲೋಳೆಯ ಪದರ, ಅದರಲ್ಲಿ ಬೆರೆತ ಕ್ಷಾರ ಹಾಗೂ ಸಮೃದ್ಧ ರಕ್ತಸಂಚಾರ ಕಾಪಾಡುತ್ತವೆ. ಈ ರಕ್ಷಣೆ ಕುಂದಿದಾಗ ಹುಣ್ಣಾಗುತ್ತದೆ. ಕಾರ್ಲ್ ಶ್ವಾರ್ಟ್ಸ್ 1910ರಲ್ಲಿ ಆಮ್ಲವಿಲ್ಲದೆ ವ್ರಣವಿಲ್ಲವೆಂಬ ತತ್ತ್ವವನ್ನು ಮಂಡಿಸಿದ ಮೇಲೆ ಚಿಕಿತ್ಸೆಯು ದೀರ್ಘಕಾಲ ಆಮ್ಲವನ್ನು ತಗ್ಗಿಸುವುದಕ್ಕೇ ಸೀಮಿತವಾಗಿತ್ತು. ಔಷಧ ನಿಲ್ಲಿಸಿದೊಡನೆ ಹುಣ್ಣು ಮರುಕಳಿಸುತ್ತಿತ್ತು. ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ರೋಗಶಾಸ್ತ್ರಜ್ಞ ರಾಬಿನ್ ವಾರೆನ್ ಜಠರದ ಊತಕದಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯಗಳನ್ನು ಕಂಡರು; ಅವರೊಡನೆ ಕೆಲಸ ಮಾಡಿದ ವೈದ್ಯ ಬ್ಯಾರಿ ಮಾರ್ಷಲ್ 1982ರಲ್ಲಿ ಅವನ್ನು ಪ್ರಯೋಗಾಲಯದಲ್ಲಿ ಬೆಳೆಸುವುದರಲ್ಲಿ ಯಶಸ್ವಿಯಾದರು. ಎರಡು ದಿನಕ್ಕೆ ಬಿಸಾಡುತ್ತಿದ್ದ ತಟ್ಟೆಗಳು ಈಸ್ಟರ್ ರಜೆಯ ನಿಮಿತ್ತ ಹೆಚ್ಚು ದಿನ ಉಳಿದದ್ದೇ ಈ ಯಶಸ್ಸಿಗೆ ಕಾರಣವಾಯಿತು. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯವಿದ್ದ ದ್ರವವನ್ನು ತಾವೇ ಕುಡಿದು, ಜಠರದ ಉರಿಯೂತವನ್ನು ಬರಿಸಿಕೊಂಡು, ಅದರ ಪಾತ್ರವನ್ನು ತೋರಿಸಿಕೊಟ್ಟರು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಹೆಸರು ಪಡೆದ ಈ ಜೀವಿಯ ಶೋಧಕ್ಕಾಗಿ ಇಬ್ಬರಿಗೂ 2005ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಎರಡನೆಯ ಮುಖ್ಯ ಕಾರಣ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಂತಾದ ನೋವುನಿವಾರಕಗಳು. ಒಳಪೊರೆಯನ್ನು ಕಾಯುವ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕದ ಉತ್ಪತ್ತಿಯನ್ನು ಇವು ತಡೆಯುತ್ತವೆ. ಧೂಮಪಾನದಿಂದ ಹುಣ್ಣು ಮಾಯುವುದು ತಡವಾಗುತ್ತದೆ. ಖಾರದ ಊಟ ಉರಿಯನ್ನು ಹೆಚ್ಚಿಸಬಹುದಾದರೂ ಹುಣ್ಣಿನ ಮೂಲವಲ್ಲ. ಆಹಾರಕ್ಕೂ ಮುಂಗರುಳಿನ ವ್ರಣಕ್ಕೂ ಇರಬಹುದಾದ ನಂಟನ್ನು, ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರಾಗಿದ್ದ ಫ್ರ್ಯಾಂಕ್ ಟೋವಿ ಅಧ್ಯಯನ ಮಾಡಿ, ಈ ರೋಗವು ಗೋಧಿ ಉಣ್ಣುವ ಪಂಜಾಬಿಗಿಂತ ಅಕ್ಕಿ ಉಣ್ಣುವ ದಕ್ಷಿಣದಲ್ಲಿ ಹೆಚ್ಚೆಂದು ಗುರುತಿಸಿದರು.

ರೋಗನಿದಾನ: ಎದೆಗೂಡಿನ ಕೆಳಗೆ, ಹೊಟ್ಟೆಯ ನಡುವೆ ಉರಿ ಇಲ್ಲವೆ ಕೊರೆಯುವಂಥ ನೋವು ಮುಖ್ಯ ಲಕ್ಷಣ. ಮುಂಗರುಳಿನ ಹುಣ್ಣಿನ ನೋವು ಹಸಿದಾಗಲೂ ನಡುರಾತ್ರಿಯಲ್ಲೂ ಎದ್ದು ಉಂಡರೆ ತಗ್ಗುವುದು, ಜಠರದ ಹುಣ್ಣಿನದು ಉಂಡ ಮೇಲೆ ಹೆಚ್ಚುವುದು ಸಾಮಾನ್ಯ. ಆದರೆ ಲಕ್ಷಣಗಳಿಂದಷ್ಟೇ ರೋಗವನ್ನು ನಿರ್ಧರಿಸಲಾಗದು. ಬಾಯಿಯ ಮೂಲಕ ಕ್ಯಾಮೆರಾವುಳ್ಳ ಬಳುಕುವ ಕೊಳವೆಯನ್ನು ಇಳಿಸಿ ನೋಡುವ ಎಂಡೋಸ್ಕೋಪಿಯೇ ಖಚಿತ ಪರೀಕ್ಷೆ. ಆಗ ಒಳಪೊರೆಯ ಚೂರೊಂದನ್ನು ತೆಗೆದು ಯೂರಿಯ ಬೆರೆಸಿದ ಹಳದಿ ಲೇಪದಲ್ಲಿಟ್ಟರೆ, ಬ್ಯಾಕ್ಟೀರಿಯದ ಕಿಣ್ವವು ಯೂರಿಯವನ್ನು ಒಡೆದು ಅಮೋನಿಯವನ್ನು ಬಿಡುಗಡೆ ಮಾಡುವುದರಿಂದ ಲೇಪ ಗುಲಾಬಿಗೆ ತಿರುಗುತ್ತದೆ. ಉಸಿರಿನ ಮತ್ತು ಮಲದ ಪರೀಕ್ಷೆಗಳಿಂದಲೂ ಸೋಂಕನ್ನು ಪತ್ತೆಮಾಡಬಹುದು. ಜಠರದ ಹುಣ್ಣು ಕೆಲವೊಮ್ಮೆ ಕ್ಯಾನ್ಸರ್ ಆಗಿರುವುದರಿಂದ ಅದರ ಅಂಚಿನ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸುವುದು ಅವಶ್ಯ.

ಚಿಕಿತ್ಸೆ: ಒಮೆಪ್ರಜೋಲ್ ವರ್ಗದ ಔಷಧಗಳು ಆಮ್ಲದ ಸ್ರಾವವನ್ನು ತಗ್ಗಿಸಿ ಹುಣ್ಣು ಮಾಯಲು ಅವಕಾಶ ಕೊಡುತ್ತವೆ. ಸೋಂಕಿದ್ದಲ್ಲಿ ಇದರೊಡನೆ ಎರಡು ಪ್ರತಿಜೀವಕಗಳನ್ನೂ, ಹಲವು ಸಂದರ್ಭಗಳಲ್ಲಿ ಬಿಸ್ಮತ್ ಲವಣವನ್ನೂ ಸಾಮಾನ್ಯವಾಗಿ 14 ದಿನ ಕೊಡುತ್ತಾರೆ. ನಡುವೆ ಮಾತ್ರೆ ಬಿಟ್ಟರೆ ಬ್ಯಾಕ್ಟೀರಿಯ ಔಷಧಕ್ಕೆ ಬಗ್ಗದಂತಾಗಬಹುದು. ನೋವುನಿವಾರಕಗಳು ಕಾರಣವಾಗಿದ್ದರೆ ಸಾಧ್ಯವಾದಷ್ಟೂ ಅವನ್ನು ನಿಲ್ಲಿಸಬೇಕು. ಹೃದ್ರೋಗಕ್ಕಾಗಿ ಸೇವಿಸುವ ಆಸ್ಪಿರಿನ್ನನ್ನು ಮಾತ್ರ ವೈದ್ಯರನ್ನು ಕೇಳದೆ ಬಿಡಬಾರದು.

ತೊಡಕುಗಳು: ಹುಣ್ಣು ರಕ್ತನಾಳವನ್ನು ಕೊರೆದರೆ ಕಾಫಿಪುಡಿಯ ಬಣ್ಣದ ವಾಂತಿ ಅಥವಾ ಡಾಂಬರಿನಂತೆ ಕಪ್ಪಾಗಿ ಅಂಟುವ ಮಲ ಕಾಣಿಸುತ್ತದೆ, ಎಂಡೋಸ್ಕೋಪಿಯ ಮೂಲಕವೇ ಬಹುಮಟ್ಟಿಗೆ ಈ ರಕ್ತಸ್ರಾವವನ್ನು ನಿಲ್ಲಿಸಬಹುದು. ಗೋಡೆ ತೂತಾದರೆ ಹೊಟ್ಟೆ ಹಲಗೆಯಂತೆ ಬಿಗಿದು, ನಿಂತು ತೆಗೆಸಿದ ಎಕ್ಸ್‌ರೇಯಲ್ಲಿ ವಪೆಯ ಕೆಳಗೆ ಗಾಳಿ ಕಾಣಬಹುದು. ಆಗ ತುರ್ತು ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಹಳೆಯ ಹುಣ್ಣಿನ ಕಲೆಯು ಜಠರದ ಹೊರದಾರಿಯನ್ನು ಕಿರಿದಾಗಿಸಿ, ಉಂಡ ಅನ್ನ ಗಂಟೆಗಳ ಬಳಿಕ ವಾಂತಿಯಾಗುವಂತೆ ಮಾಡುವುದೂ ಉಂಟು.

ನೋವು ಹೋದ ಮಾತ್ರಕ್ಕೆ ಸೋಂಕು ಹೋಯಿತೆನ್ನಲಾಗದು. ಆದಕಾರಣ ಪ್ರತಿಜೀವಕಗಳು ಮುಗಿದು ಕನಿಷ್ಠ 4 ವಾರಗಳಾದ ಮೇಲೆ, ಆಮ್ಲ ತಗ್ಗಿಸುವ ಮಾತ್ರೆಯನ್ನು 2 ವಾರ ನಿಲ್ಲಿಸಿ, ಉಸಿರಿನ ಅಥವಾ ಮಲದ ಪರೀಕ್ಷೆಯನ್ನು ಮತ್ತೆ ಮಾಡಿಸಿ ಬ್ಯಾಕ್ಟೀರಿಯ ನಿರ್ಮೂಲವಾಗಿದೆಯೆಂದು ಖಚಿತಪಡಿಸಿಕೊಂಡಾಗಲೇ ಚಿಕಿತ್ಸೆ ಪೂರ್ಣವಾಗುತ್ತದೆ.