ಪೂಲ್‌ಗೆ ಸೇರದ ಎಲೆ

ಸಕಲೇಶಪುರ ಸೀಮೆಯಿಂದ ಕುಕ್ಕೆ ಸುಬ್ರಹ್ಮಣ್ಯದತ್ತ ಇಳಿಯುವ ಬಿಸಿಲೆ ಘಾಟಿಯ ಕಾಡಿನಲ್ಲಿ ಎಷ್ಟು ಅಲೆದರೂ ಪುದೀನ ಸಿಗದು. ಅದರ ದಾಯಾದಿಗಳಿಗೇನೂ ಬರವಿಲ್ಲ: ಬೇಲಿ ಬದಿಯಲ್ಲಿ ತುಂಬೆ, ಅಂಗಳದಲ್ಲಿ ತುಳಸಿ, ಹಿತ್ತಲಲ್ಲಿ ದೊಡ್ಡಪತ್ರೆ. ಎದುರುಬದುರು ಎಲೆ, ಎರಡು ತುಟಿಯ ಹೂವು ಈ ಕುಟುಂಬದ ಗುರುತು. ಪುದೀನ ಮಾತ್ರ ಇಲ್ಲಿನ ಕಾಡಿನದಲ್ಲ, ಸಂತೆಯ ಸೊಪ್ಪಿನ ಕಟ್ಟಿನ ಜೊತೆ ಬಂದ ನೆಂಟ.

ಅದು ಬರುವ ಮೊದಲೇ ಮಲೆನಾಡಿನ ಒಲೆಯ ಮೇಲೆ ಕಷಾಯ ಕುದಿಯುತ್ತಿತ್ತು. ಕೊತ್ತಂಬರಿ, ಜೀರಿಗೆ, ಮೆಣಸು, ಶುಂಠಿ, ಬೆಲ್ಲ. ಮೇಲೊಂದು ಗರಿ ಮಜ್ಜಿಗೆ ಹುಲ್ಲು. ಮಳೆಗಾಲದ ಶೀತಕ್ಕೆ ಇಷ್ಟು ಸಾಕಿತ್ತು. ಮಲೇರಿಯಾಕ್ಕೆ ಸಾಲುತ್ತಿರಲಿಲ್ಲ. ನೆರೆಯ ಮೂಡಿಗೆರೆಯಲ್ಲಿ 1920ರ ದಶಕದ ಕೊನೆಗೆ ಮೈಸೂರು ಸರ್ಕಾರವೂ ರಾಕ್‌ಫೆಲರ್ ಪ್ರತಿಷ್ಠಾನವೂ ಸೇರಿ ಮಲೇರಿಯಾ ಅಧ್ಯಯನ ಕೇಂದ್ರ ತೆರೆಯಬೇಕಾದಷ್ಟು ಜ್ವರ ಈ ಸೀಮೆಯನ್ನು ಕಾಡಿತ್ತು.

ಹಿತ್ತಲಿನ ಕಷಾಯ ಏನೇ ಇರಲಿ, ಮಂಜರಾಬಾದ್ ಎಂದು ಕರೆಸಿಕೊಳ್ಳುತ್ತಿದ್ದ ಈ ಸಕಲೇಶಪುರ ಸೀಮೆ ಕಾಫಿಯ ನಾಡು. 1850ರ ದಶಕದಲ್ಲಿ ಇಲ್ಲಿಗೆ ಬಂದ ಕಾಫಿ ಬೆಳೆಗಾರ ರಾಬರ್ಟ್ ಎಲಿಯಟ್ ತನ್ನ ತೋಟಗಾರಿಕೆಯ ಅನುಭವವನ್ನು 1894ರಲ್ಲಿ ದಪ್ಪ ಪುಸ್ತಕವಾಗಿಯೇ ಬರೆದ. ಕಾಫಿಗೆ ಬರಹವೂ ಇದೆ, ಲೆಕ್ಕವೂ ಇದೆ. 1942ರ ಕಾಫಿ ಕಾಯ್ದೆಯ ಕಾಲದಲ್ಲಂತೂ ಬೆಳೆಗಾರ ಮನೆ ಬಳಕೆಗೂ ಬಿತ್ತನೆಗೂ ಅಷ್ಟಿಷ್ಟು ಇಟ್ಟುಕೊಂಡು, ಉಳಿದ ಫಸಲನ್ನೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ, ಅಂದರೆ ಒಟ್ಟು ಸಂಗ್ರಹಕ್ಕೆ, ಒಪ್ಪಿಸಬೇಕಿತ್ತು. ಆ ಕಟ್ಟು ಪೂರ್ತಿ ಸಡಿಲವಾದದ್ದು 1996ರಲ್ಲಿ. ತಾನೇ ಬೆಳೆದ ಕಾಫಿಗೆ ಸರ್ಕಾರದ ಲೆಕ್ಕ. ಬಚ್ಚಲ ನೀರು ಕುಡಿದು ಬೆಳೆದ ಮಜ್ಜಿಗೆ ಹುಲ್ಲಿಗೆ ಯಾರ ಲೆಕ್ಕವೂ ಇಲ್ಲ! ಹಿತ್ತಲಿನ ಚರಿತ್ರೆ ಕಾಗದದಲ್ಲಿ ಸಿಗದಿರುವುದಕ್ಕೆ ಬಹುಶಃ ಇದೂ ಒಂದು ಕಾರಣ.

ಪುದೀನ ಹಬ್ಬಿದ್ದೂ ಹೀಗೇ, ಲೆಕ್ಕವಿಲ್ಲದೆ ಕೈಯಿಂದ ಕೈಗೆ. ಬೀಜಕ್ಕೆ ಯಾರೂ ಕಾಯುವುದಿಲ್ಲ. ಚಟ್ನಿಗೆಂದು ತಂದ ಕಟ್ಟಿನಲ್ಲಿ ಬಲಿತ ಕಡ್ಡಿ ಆರಿಸಿ, ಕೆಳಗಿನ ಎಲೆ ಕಿತ್ತು ನೀರಿನ ಲೋಟದಲ್ಲಿ ನಿಲ್ಲಿಸಿದರೆ ಗೆಣ್ಣಿನಲ್ಲಿ ಬಿಳಿ ಬೇರು ಇಣುಕುತ್ತದೆ. ಆಮೇಲೆ ಒಡೆದ ಬಕೆಟ್ಟು, ಮಣ್ಣು, ಕೊಟ್ಟಿಗೆ ಗೊಬ್ಬರ. ಬಿಸಿಲೆಯಲ್ಲಿ ಕಷ್ಟ ಶುರುವಾಗುವುದು ಜೂನ್‌ನಿಂದ. ನೀರು ನಿಂತರೆ ಬುಡ ಕೊಳೆಯುತ್ತದೆ, ಬಿಸಿಲು ಕಾಣದೆ ಗಿಡ ಸೊರಗುತ್ತದೆ. ಹಾಗಾಗಿ ಬಕೆಟ್ಟು ಸೂರಿನ ನೀರು ಬೀಳದ ಜಗಲಿಗೆ ಬರಬೇಕು. ಮಳೆ ಹಿಂದಾದ ಮೇಲೆ ಒಂದೇ ಒಂದು ಬೇರು ಉಳಿದಿದ್ದರೂ ಸಾಕು, ಮತ್ತೆ ಹರಡಿಕೊಳ್ಳುತ್ತದೆ.

ನರ್ಸರಿಯಿಂದ ತರುವವರು ಎಲೆಯನ್ನೊಮ್ಮೆ ಹೊಸಕಿ ಮೂಸುವುದು ಒಳ್ಳೆಯದು. ತಲೆನೋವಿನ ಮುಲಾಮಿನಂತೆ ಮೂಗಿಗೆ ಹೊಡೆದರೆ ಅದು 1950ರ ದಶಕದಲ್ಲಿ ಜಪಾನಿನಿಂದ ಭಾರತಕ್ಕೆ ತಂದ ಮೆಂಥಾಲಿನ ಪುದೀನ ಇರಬಹುದು. ಉತ್ತರ ಪ್ರದೇಶದ ಬಾರಾಬಂಕಿಯಲ್ಲಿ ಎಣ್ಣೆ ತೆಗೆಯಲು ಹೊಲಗಟ್ಟಲೆ ಬೆಳೆಯುವುದು ಅದನ್ನೇ. ಚಟ್ನಿ, ಚಹಾಕ್ಕೆ ಹೊಂದುವುದು ಸೌಮ್ಯ ವಾಸನೆಯ ಅಡುಗೆ ಪುದೀನ.

ಕುದಿಸುವ ಕ್ರಮವೂ ಬೇರೆ. ಮಜ್ಜಿಗೆ ಹುಲ್ಲನ್ನು ಗಂಟು ಕಟ್ಟಿ ನೀರಿನ ಜೊತೆಗೇ ಕುದಿಸಬಹುದು. ಪುದೀನವನ್ನು ಹಾಗೆ ಕುದಿಸಿದರೆ ಪರಿಮಳವೆಲ್ಲ ಹಬೆಯಲ್ಲಿ ಹೋಗುತ್ತದೆ. ಒಲೆಯಿಂದ ಇಳಿಸಿದ ನೀರಿಗೆ ಎಲೆ ಹಾಕಿ ತಟ್ಟೆ ಮುಚ್ಚಬೇಕು. ಹಾಲು ಬೇಕೇ ಬೇಡವೇ ಎಂಬ ಜಗಳ ಮನೆಮನೆಗೂ ಇದ್ದದ್ದೇ. ಕೊತ್ತಂಬರಿ-ಜೀರಿಗೆಯ ಕಷಾಯಕ್ಕೆ ಹಾಲು ಒಪ್ಪುತ್ತದೆ, ಪುದೀನಕ್ಕೆ ಒಂದು ಚೂರು ಬೆಲ್ಲವೇ ಸರಿ.