ಮುಳ್ಳು ಚುಚ್ಚಿದ ರಾತ್ರಿ

ಕೀವು ಕಂಡರೆ ನಾವು ಮುಖ ಸಿಂಡರಿಸುತ್ತೇವಲ್ಲ, ಅದರಲ್ಲಿರುವುದು ಬಹುಪಾಲು ನಮಗಾಗಿ ಕಾದಾಡಿ ಸತ್ತ ಬಿಳಿ ರಕ್ತಕಣಗಳೇ. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿದ್ದ ರಷ್ಯದ ವಿಜ್ಞಾನಿ ಮೆಚ್ನಿಕಾಫ್, ಮನೆಯವರೆಲ್ಲ ಸರ್ಕಸ್ಸಿಗೆ ಹೋಗಿದ್ದಾಗ ಏನೋ ಹೊಳೆದು, ಗಾಜಿನಂತೆ ತಿಳಿಯಾದ ನಕ್ಷತ್ರಮೀನಿನ ಮರಿಗೆ ಗುಲಾಬಿ ಮುಳ್ಳು ಚುಚ್ಚಿದರು. ರಾತ್ರಿಯೆಲ್ಲ ಅವರಿಗೆ ನಿದ್ದೆಯಿಲ್ಲ. ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಅಲೆಮಾರಿ ಕಣಗಳು ಮುತ್ತಿಕೊಂಡಿದ್ದವು!

ಆದರೆ ನುಂಗಿದ್ದೆಲ್ಲ ಅರಗಬೇಕಲ್ಲ? ಕ್ಷಯದ ರೋಗಾಣು ತನ್ನನ್ನು ನುಂಗಿದ ಕಣದೊಳಗೇ ಸಂಸಾರ ಹೂಡುತ್ತದೆ. ಒಮ್ಮೆ ಸೋಂಕು ತಗುಲಿದ ಇಲಿಗಳಲ್ಲಿ ಈ ಕಣಗಳ ಕೊಲ್ಲುವ ಬಲ ಹೆಚ್ಚಿರುವುದನ್ನು 1962ರಲ್ಲಿ ಆಸ್ಟ್ರೇಲಿಯದ ಮೆಕಾನೆಸ್ ತೋರಿಸಿದರು. ಆ ಬಲ ಬರುವುದು ಇನ್ನೊಂದು ಬಗೆಯ ಬಿಳಿಕಣ ಕಳಿಸುವ ಸುದ್ದಿಯಿಂದ; ಸುದ್ದಿ ಒಯ್ಯುವುದು ಗ್ಯಾಮಾ ಇಂಟರ್‌ಫೆರಾನ್ ಎಂದು 1983ರಲ್ಲಿ ತಿಳಿಯಿತು. ಎಚ್‌ಐವಿ ನಾಶಮಾಡುವುದು ಈ ಸುದ್ದಿಗಾರ ಕಣಗಳನ್ನೇ. ಆ ಸೋಂಕಿರುವವರು ಕ್ಷಯಕ್ಕೆ ಅಷ್ಟು ಸುಲಭವಾಗಿ ತುತ್ತಾಗಲು ಇದೂ ಕಾರಣ.