ಹುದುಗಿಗೊಂದು ಕಾಲ, ಹುದುಗಿಗೊಂದು ಮಿತಿ



ಸೆಪ್ಟೆಂಬರ್ 29 ಮಹಾದೂತರ ಹಬ್ಬ. ಜರ್ಮನಿಯ ಬವೇರಿಯ ಪ್ರಾಂತ್ಯದಲ್ಲಿ ಈ ಹಬ್ಬ ಒಂದು ಕಾಲಕ್ಕೆ ಬಿಯರ್ ತಯಾರಿಸುವವರ ಪಂಚಾಂಗದಲ್ಲೂ ಸೇರಿತ್ತು. ಸಂತ ಮಿಕಾಯೇಲರ ಹಬ್ಬದಿಂದ ಏಪ್ರಿಲ್ 23ರ ಸಂತ ಜಾರ್ಜರ ಹಬ್ಬದವರೆಗೆ ಮಾತ್ರ ಬಿಯರ್ ಮಾಡಬಹುದು, ಬೇಸಿಗೆಯಲ್ಲಿ ಮಾಡಕೂಡದು ಎಂದು 1553ರಲ್ಲಿ ಅಲ್ಲಿನ ಅರಸ ಆಜ್ಞೆ ಹೊರಡಿಸಿದ. ಬೇಸಿಗೆಯ ಬಿಯರ್ ಬೇಗ ಕೆಡುತ್ತಿತ್ತು. ಚಳಿಗಾಲದ್ದು ತಿಳಿಯಾಗಿ, ರುಚಿಯಾಗಿ ಉಳಿಯುತ್ತಿತ್ತು. ಏಕೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಅದಕ್ಕೂ ಮುಂಚೆ 1516ರಲ್ಲಿ ಬಂದ ಪ್ರಸಿದ್ಧ ಕಾಯ್ದೆ ಬಾರ್ಲಿ, ಹಾಪ್ಸ್ ಹೂವು ಮತ್ತು ನೀರು ಈ ಮೂರನ್ನೇ ಹೆಸರಿಸಿತ್ತು. ಹುದುಗು ಬರಿಸುವ ಈಸ್ಟಿನ ಹೆಸರೇ ಅದರಲ್ಲಿಲ್ಲ!

ಕಾರಣ ತಿಳಿದದ್ದು 19ನೆಯ ಶತಮಾನದಲ್ಲಿ. ಹುದುಗುವಿಕೆ ಜೀವಂತ ಕಣಗಳ ಕೆಲಸವೆಂದು ಲೂಯಿ ಪಾಶ್ಚರ್ ತೋರಿಸಿಕೊಟ್ಟರು. 1883ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹಾನ್ಸೆನ್ ಲಾಗರ್ ಬಿಯರಿನ ಈಸ್ಟನ್ನು ಶುದ್ಧವಾಗಿ ಬೇರ್ಪಡಿಸಿದರು. ಈ ಈಸ್ಟ್ ತಂಪು ಬಯಸುತ್ತದೆ. ಸುಮಾರು 10 ಡಿಗ್ರಿ ಉಷ್ಣತೆಯಲ್ಲಿ ನಿಧಾನವಾಗಿ ಹುದುಗಿ, ಬಳಿಕ ಹೆಪ್ಪುಗಟ್ಟುವಷ್ಟು ತಣ್ಣನೆಯ ನೆಲಮಾಳಿಗೆಯಲ್ಲಿ ವಾರಗಟ್ಟಲೆ ನಿಂತಾಗ ಹಸಿವಾಸನೆ ಹೋಗಿ, ಗಸಿ ತಳಕ್ಕಿಳಿದು ಬಿಯರ್ ಪಕ್ವವಾಗುತ್ತದೆ. ಜರ್ಮನ್ ಭಾಷೆಯಲ್ಲಿ ‘ಲಾಗರ್’ ಎಂದರೆ ಉಗ್ರಾಣ, ಕೂಡಿಡುವ ಜಾಗ ಎಂದೇ ಅರ್ಥ.

ನಮ್ಮ ಕಾರವಾರ, ಅಂಕೋಲೆಗಳಲ್ಲಿ ಆ ಚಳಿ ಎಲ್ಲಿಂದ ಬರಬೇಕು? ಒಣ ಹವೆಯ ಊರಿನಲ್ಲಿ ಪಾತ್ರೆಗೆ ಒದ್ದೆ ಗೋಣಿ ಸುತ್ತಿದರೆ ನೀರು ಆರುವಾಗ ಒಳಗಿನದು ತಂಪಾಗುತ್ತದೆ. ಕಡಲಿನ ತೇವದ ಗಾಳಿಯಲ್ಲಿ ಗೋಣಿ ಆರುವುದೇ ತಡ. ಆದ್ದರಿಂದ ಈ ನೆಲ ತನ್ನ ಸೆಕೆಗೆ ಒಗ್ಗುವ ಬೇರೊಂದು ಹುದುಗನ್ನು ಕಂಡುಕೊಂಡಿತು. ಅದೇ ತೆಂಗಿನ ಶೇಂದಿ. ನಮ್ಮ ಕೊಂಕಣಿ ಮನೆಗಳ ಮಾತಿನಲ್ಲಿ ‘ಸೂರ್’.

ಇದಕ್ಕೆ ಬೇಕಾದ ಸಲಕರಣೆ ಎಷ್ಟು? ಒಂದು ಕತ್ತಿ, ಒಂದು ಮಡಕೆ, ಮರ ಹತ್ತಬಲ್ಲ ಒಬ್ಬ ಮನುಷ್ಯ. ಅರಳದ ಹೊಂಬಾಳೆಯನ್ನು ಬಿಗಿದು ಕಟ್ಟಿ, ಮೆಲ್ಲಗೆ ಬಡಿದು, ತುದಿಯನ್ನು ದಿನವೂ ತೆಳ್ಳಗೆ ಕೊಯ್ದರೆ ಸಿಹಿ ರಸ ತೊಟ್ಟಿಕ್ಕುತ್ತದೆ. ಗಾಳಿಯಲ್ಲೂ ಹಳೆಯ ಮಡಕೆಯಲ್ಲೂ ಇರುವ ಈಸ್ಟ್ ತಾನಾಗಿಯೇ ಕೆಲಸ ಶುರುಮಾಡುತ್ತದೆ. ಬೆಳಗಿನ ಸಿಹಿ ಸಂಜೆಗೆ ಅಮಲಾಗುತ್ತದೆ. ಕೆಲವು ದಿನ ಬಿಟ್ಟರೆ ಹುಳಿಯಾಗಿ ವಿನೆಗರ್ ಆಗುತ್ತದೆ. ಮಡಕೆಯ ಒಳಮೈಗೆ ಸುಣ್ಣ ಬಳಿದರೆ ಹುದುಗು ತಡೆದು ಸಿಹಿ ನೀರಾ ಉಳಿಯುತ್ತದೆ. ಬವೇರಿಯದವರು ತಿಂಗಳುಗಟ್ಟಲೆ ಕಾದು ಪಡೆದದ್ದನ್ನು ನಮ್ಮವರು ಗಂಟೆಗಳ ಲೆಕ್ಕದಲ್ಲಿ ಹಿಡಿಯಬೇಕಾಗಿತ್ತು. ಹಳೇಪೈಕರು, ಭಂಡಾರಿಗಳು ಮೊದಲಾದ ಸಮಾಜದವರು ಈ ವಿದ್ಯೆಯನ್ನು ತಲೆಮಾರುಗಳಿಂದ ಕಾಪಾಡಿದರು.

ಈ ಸೂರ್ ಕುಡಿಯುವುದಕ್ಕಷ್ಟೇ ಆಗಿರಲಿಲ್ಲ. ರುಬ್ಬಿದ ಅಕ್ಕಿಹಿಟ್ಟಿಗೆ ಅದನ್ನು ಬೆರೆಸಿ ಉಬ್ಬಿಸಿ, ಹಬೆಯಲ್ಲಿ ಬೇಯಿಸಿದರೆ ನಮ್ಮ ಹಬ್ಬದೂಟದ ಸಾನ್ನ. ಗೋವಾದ ಸಾಸಷ್ಟಿಯಲ್ಲಿ ಪಾದ್ರಿಗಳು ಗೋಧಿ ರೊಟ್ಟಿ ಸುಡುವುದನ್ನು ಕಲಿಸಿದಾಗ, ಈಸ್ಟ್ ಸಿಗದೆ ಸೂರ್ ಹಾಕಿಯೇ ಹಿಟ್ಟು ಉಬ್ಬಿಸಿದರೆಂದು ಅಲ್ಲಿನ ಹಿರಿಯರು ಹೇಳುತ್ತಾರೆ. ಮಾಂಸದ ಅಡುಗೆಗೆ ಹಾಕುವ ವಿನೆಗರ್ ಕೂಡ ಇದೇ ಮಡಕೆಯ ಮಗು.

ಮುಂದೆ ಈ ಮಡಕೆಯ ಮೇಲೆ ಸರ್ಕಾರದ ಕಣ್ಣು ಬಿತ್ತು. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1878ರ ಮುಂಬಯಿ ಅಬಕಾರಿ ಕಾಯ್ದೆಯಿಂದ ಶೇಂದಿ ಇಳಿಸಲು ಪರವಾನಗಿ ಬೇಕಾಯಿತು, ಮರಕ್ಕೆ ತೆರಿಗೆ ಬಂತು. ಮನೆಯ ಹುದುಗು ಖಜಾನೆಯ ಆದಾಯವಾಯಿತು. 1930ರಲ್ಲಿ ಅಂಕೋಲೆಯ ಜನ ಉಪ್ಪಿನ ಕಾನೂನು ಮುರಿದರು. ಅದೇ ವರ್ಷ ಗಾಂಧೀಜಿ ಮದ್ಯದಂಗಡಿಗಳ ಮುಂದೆ ಪಿಕೆಟಿಂಗ್ ಮಾಡಲು ದೇಶದ ಸ್ತ್ರೀಯರಿಗೆ ಕರೆಕೊಟ್ಟರು. ಕುಡಿತದ ಪೆಟ್ಟು ಮೊದಲು ಬೀಳುವುದು ಯಾರ ಮೇಲೆಂದು ಅವರಿಗೆ ಗೊತ್ತಿತ್ತು. 1949ರಲ್ಲಿ ಮುಂಬಯಿ ಪಾನನಿರೋಧ ಕಾಯ್ದೆ ಬಂತು. ಜಿಲ್ಲೆ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ 1965ರ ಅಬಕಾರಿ ಕಾಯ್ದೆ ಬಂತು. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಪರವಾನಗಿ ಇಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು ಇಂದಿಗೂ ಅಪರಾಧ ಎಂಬುದನ್ನು ಹಬ್ಬದ ಉತ್ಸಾಹದಲ್ಲಿರುವ ಯುವಜನರು ಮರೆಯಬಾರದು.

ಪ್ರಿಯರೇ, ಈ ಇತಿಹಾಸದಲ್ಲಿ ನಮ್ಮ ಮುಂದೆ ಎರಡು ನಷ್ಟಗಳಿವೆ. ಮರ ಹತ್ತುವವರು ವಿರಳವಾಗಿ, ಸಾನ್ನಕ್ಕೆ ಈಗ ಅಂಗಡಿಯ ಈಸ್ಟ್ ಪುಡಿಯೇ ಗತಿಯಾಗುತ್ತಿದೆ. ಒಂದು ಕಸುಬು, ಒಂದು ರುಚಿ ಕಣ್ಣೆದುರೇ ಮರೆಯಾಗುತ್ತಿವೆ. ಇನ್ನೊಂದು ಇದಕ್ಕಿಂತ ದೊಡ್ಡದು: ದೋಣಿಯಿಂದ ಇಳಿದ ತಂದೆಯ ದುಡಿಮೆ ಮನೆ ತಲುಪುವ ಮೊದಲೇ ಬಾಟಲಿಯಲ್ಲಿ ಕರಗಿ, ಮಕ್ಕಳ ಶಾಲಾ ಶುಲ್ಕಕ್ಕೆ ತಾಯಿ ಸಾಲ ಮಾಡುವುದು. ಮೊದಲನೆಯದಕ್ಕೆ ಮರುಗುವ ನಾವು ಎರಡನೆಯದನ್ನು ಕಂಡೂ ಕಾಣದಂತೆ ಇರಬಾರದು.

ಧರ್ಮಸಭೆ ದ್ರಾಕ್ಷಾರಸವನ್ನು ಶಪಿಸಿಲ್ಲ. ಪ್ರಭು ಯೇಸು ಕಾನಾ ಊರಿನ ಮದುವೆಯಲ್ಲಿ ಅದನ್ನು ಕೊಟ್ಟರು. ಬಲಿಪೀಠದ ಮೇಲೆ ಅದನ್ನೇ ಅರ್ಪಿಸುತ್ತೇವೆ. ಯೂರೋಪಿನ ಮಠಗಳಲ್ಲಿ ಸನ್ಯಾಸಿಗಳು ಬಿಯರ್ ತಯಾರಿಸಿದರು. ಆದರೆ ಸಂತ ಬೆನೆಡಿಕ್ಟರು ತಮ್ಮ ನಿಯಮಾವಳಿಯಲ್ಲಿ ಸನ್ಯಾಸಿಯ ದಿನದ ಪಾನಕ್ಕೆ ಅಳತೆ ಗೊತ್ತುಮಾಡಿದರು. ಬವೇರಿಯದ ಆಜ್ಞೆ ಕಾಲವನ್ನು ಹೇಳಿತು, ಬೆನೆಡಿಕ್ಟರ ನಿಯಮ ಮಿತಿಯನ್ನು ಹೇಳಿತು. ಕಾಲ ತಪ್ಪಿದ ಸೂರ್ ಹುಳಿಯಾದರೂ ಅಡುಗೆಗೆ ಬರುತ್ತದೆ. ಮಿತಿ ತಪ್ಪಿದ ಕುಡಿತ ಮಾತ್ರ ಯಾವ ಮನೆಗೂ ಉಪಯೋಗಕ್ಕೆ ಬರುವುದಿಲ್ಲ.

ಸ್ವರ್ಗಸಾಮ್ರಾಜ್ಯವನ್ನು ಯೇಸುಸ್ವಾಮಿ ಹಿಟ್ಟಿನಲ್ಲಿ ಅಡಗಿದ ಹುಳಿಗೆ ಹೋಲಿಸಿದರು. ಅದು ಸದ್ದಿಲ್ಲದೆ ಇಡೀ ಹಿಟ್ಟನ್ನು ಉಬ್ಬಿಸುತ್ತದೆ. ಈ ಹಬ್ಬದಲ್ಲಿ ನಮ್ಮ ಮೇಜಿನ ಮೇಲೆ ಸಾನ್ನ ಇರಲಿ, ನೆರೆಯವರಿಗೂ ಒಂದು ತಟ್ಟೆ ಹೋಗಲಿ. ಆ ಮೇಜಿನ ಸುತ್ತ ಕುಳಿತ ಯಾವ ಮಗುವೂ ತಂದೆಯ ಹೆಜ್ಜೆ ಸಪ್ಪಳಕ್ಕೆ ಹೆದರದಿರಲಿ.